ಒಣಗದ ಶುಷ್ಕಭಿತ್ತಿ

ನಮ್ಮ ಮನೆಗೆ ಪ್ರವಾಹ ತಂದವನು ನಾನೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮಳೆ ಅಲ್ಲ, ಹೊಳೆ ಅಲ್ಲ, ಮೇಲಿನ ಮನೆಯವರ ನೀರಿನ ತೊಟ್ಟಿಯೂ ಅಲ್ಲ, ಸಾಕ್ಷಾತ್ ನಾನು. ನನ್ನ ಪ್ರಕಾರ ತಂದದ್ದು ವಾಷಿಂಗ್ ಮೆಷೀನಿನ ಪೈಪು. ಆದರೆ ಆ ಪೈಪನ್ನು ಮೆಷೀನಿಗೆ ಸಿಕ್ಕಿಸಿದವನು ನಾನಾದ್ದರಿಂದ ಈ ವಾದ ಬಹಳ ದೂರ ಹರಿಯುವುದಿಲ್ಲ. (ನೀರು ಮಾತ್ರ ಬೇಕಾದಷ್ಟು ದೂರ ಹರಿಯಿತು.)

ಇದರಲ್ಲಿ ನನ್ನ ಮರ್ಯಾದೆಯ ಪ್ರಶ್ನೆಯೂ ಇದೆ. ನನ್ನ ಹೊಟ್ಟೆಪಾಡು ಕೈಪಿಡಿ ಬರೆಯುವುದು. ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಕೊಂಡಾಗ ಡಬ್ಬದ ತಳದಲ್ಲಿ ಒಂದು ಪುಸ್ತಿಕೆ ಇರುತ್ತದಲ್ಲ, ನೀವು ತೆರೆದೂ ನೋಡದೆ ರದ್ದಿಗೆ ಹಾಕುತ್ತೀರಲ್ಲ, ಅದನ್ನು ನಮ್ಮ ಭಾಷೆಗೆ ತರುವ ಮಹಾನುಭಾವ ನಾನೇ. ನಮ್ಮ ವಾಷಿಂಗ್ ಮೆಷೀನಿನ ಕೈಪಿಡಿಯೂ ನನ್ನದೇ ಕೃತಿ. ಅದರಲ್ಲಿ, "ನೀರಿನ ಕೊಳವೆಯನ್ನು ಯಂತ್ರಕ್ಕೆ ದೃಢವಾಗಿ ಜೋಡಿಸತಕ್ಕದ್ದು" ಎಂದು ದಪ್ಪಕ್ಷರದಲ್ಲಿದೆ. ಪಾದ ಮುಳುಗುವ ನೀರಿನಲ್ಲಿ ನಿಂತುಕೊಂಡು ಹೆಂಡತಿ ಆ ಸಾಲನ್ನು ಗಟ್ಟಿಯಾಗಿ ಓದಿದಳು. ನನ್ನ ಕೃತಿಯೊಂದನ್ನು ಮನೆಯವರು ಓದಿದ್ದು ಅದೇ ಮೊದಲು.

ಆ ದಿನ ನಾವು ಮೂವರೂ ನಾದಿನಿಯ ಮನೆಗೆ ಹೋಗಿದ್ದೆವು. ಹೊರಡುವ ಅವಸರದಲ್ಲಿ ನಾನು ಮೆಷೀನಿಗೆ ಬಟ್ಟೆ ತುಂಬಿ, ಆಚೀಚೆ ನೋಡದೆ ಗುಂಡಿ ಒತ್ತಿದ್ದೆ. ಸಂಜೆ ಬಂದು ಬೀಗ ತೆಗೆದರೆ ನಮ್ಮ ಚಪ್ಪಲಿಗಳೇ ತೇಲಿಕೊಂಡು ಬಂದು ಹೊಸ್ತಿಲಲ್ಲಿ ನಮ್ಮನ್ನು ಎದುರುಗೊಂಡವು. ಪೈಪು ಕಳಚಿಕೊಂಡಿತ್ತು, ಬಚ್ಚಲಿನ ಜಾಲರಿಯ ಮೇಲೆ ಒಂದು ಕಾಲುಚೀಲ ಕೂತಿತ್ತು. (ಕಾಲುಚೀಲ ಯಾರದು ಎಂಬ ತನಿಖೆಯ ಫಲಿತಾಂಶವನ್ನು ಇಲ್ಲಿ ಬಹಿರಂಗಪಡಿಸುವ ಅಗತ್ಯವಿಲ್ಲ.) ಮಲಗುವ ಹೊತ್ತಿನವರೆಗೂ ಬಕೆಟ್ಟು, ಮೊರ, ಹಳೆಯ ಟವೆಲ್ಲು ಎಲ್ಲ ಹಿಡಿದು ನೀರು ತೋಡಿ ಹೊರಗೆ ಚೆಲ್ಲಿದೆವು. ನೆಲವೇನೋ ಒಣಗಿತು. ಗೋಡೆ ಒಣಗಲಿಲ್ಲ.

ಯಾವ ಗೋಡೆ ಎಂದು ಹೇಳಬೇಕು. ನಮ್ಮ ಮನೆಯಲ್ಲಿ ಹಿಂದೆ ಒಂದು ದೊಡ್ಡ ಕೋಣೆ ಇತ್ತು. ಒಂದು ಮೂಲೆಯಲ್ಲಿ ನನ್ನ ಬರೆಯುವ ಮೇಜು, ಇನ್ನೊಂದು ಮೂಲೆಯಲ್ಲಿ ಮಗಳ ಮಂಚ, ಮಧ್ಯೆ ಅವಳ ಆಟಿಕೆ, ನನ್ನ ಕಾಗದ. ಅವಳಿಗೆ ಹನ್ನೆರಡು ತುಂಬಿದ ವರ್ಷ, "ನನಗೆ ನಂದೇ ರೂಮ್ ಬೇಕು" ಎಂದಳು. ಇಟ್ಟಿಗೆಯ ಗೋಡೆ ಎಬ್ಬಿಸುವ ತಾಪತ್ರಯ ಬೇಡವೆಂದು ಮರದ ಚೌಕಟ್ಟು ನಿಲ್ಲಿಸಿ, ಎರಡು ಬದಿಗೂ ಜಿಪ್ಸಮ್ ಬೋರ್ಡ್ ಬಡಿಸಿದೆವು. ಒಳಗೆಲ್ಲ ಟೊಳ್ಳು. ಸಿಮೆಂಟಿಲ್ಲ, ನೀರಿಲ್ಲ, ಎಲ್ಲ ಒಣ ಕೆಲಸ. ನಾನು ಅದಕ್ಕೆ ಶುಷ್ಕಭಿತ್ತಿ ಎಂದು ಹೆಸರಿಟ್ಟು, ಒಂದು ಕೈಪಿಡಿಯಲ್ಲಿ ಬಳಸಿಯೂ ಬಿಟ್ಟೆ. ನೀರು ನುಗ್ಗಿದ ಮಾರನೆಯ ಬೆಳಿಗ್ಗೆ ಅದರ ಬುಡ ಉಬ್ಬಿ, ಬಣ್ಣ ಸುಕ್ಕಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡುವ ಲಕ್ಷಣ ಕಂಡಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ ಅದು ಹೆಸರು? ಶುಷ್ಕಭಿತ್ತಿನಾ? ಈಗ ಆರ್ದ್ರಭಿತ್ತಿ ಅಂತ ತಿದ್ದಿ ಬರೀರಿ."

"ತಾತ್ಕಾಲಿಕ ಕಣೇ. ಫ್ಯಾನ್ ಹಾಕಿದ್ರೆ ಒಣಗತ್ತೆ."

"ಒಣ ಜಂಬ ಒಂದು ಬೇಗ ಒಣಗಲ್ಲ ನಿಮ್ಮದು. ಮೊದಲು ಗೋಡೆಯವರನ್ನ ಕರೀರಿ."

ನಾನು ಆ ಗೋಡೆಯ ಮೇಲೆ ಒಳಗೊಳಗೇ ಕತ್ತಿ ಮಸೆಯುತ್ತಿದ್ದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಆ ಗೋಡೆ ಎದ್ದ ಮೇಲೆಯೇ ನನ್ನ ಮಗಳು ನನ್ನೊಡನೆ ಮಾತು ನಿಲ್ಲಿಸಿದ್ದು. ಜಗಳವಾಡಿ ನಿಲ್ಲಿಸಲಿಲ್ಲ, ತಾನಾಗಿ ನಿಂತುಹೋಯಿತು. ಮೊದಲು ನನ್ನ ಕುರ್ಚಿಯ ಬೆನ್ನಿಗೆ ಜೋತುಬಿದ್ದು, ತಲೆ ತಿನ್ನುವಷ್ಟು ಹರಟುತ್ತಿದ್ದ ಹುಡುಗಿ. ಈಗ ಹದಿನೈದು ವರ್ಷ. ಊಟದ ಮೇಜಿನಲ್ಲಿ ಅವಳ ಬಾಯಿಂದ ಬರುವುದು "ಹ್ಞೂಂ", "ಉಹ್ಞೂಂ", "ಗೊತ್ತಿಲ್ಲ" ಇಷ್ಟೇ. ಟೀವಿಯ ರಿಮೋಟಿಗೂ ಇದಕ್ಕಿಂತ ಹೆಚ್ಚು ಗುಂಡಿಗಳಿರುತ್ತವೆ. ಅವಳ ವಯಸ್ಸಿಗೆ ಅದು ಸಹಜ ಎಂದು ಎಲ್ಲರೂ ಹೇಳುತ್ತಾರೆ. ಸಹಜವಾದದ್ದೂ ಸಂಕಟ ಕೊಡುತ್ತದೆ ಎಂದು ಯಾರೂ ಹೇಳುವುದಿಲ್ಲ.

ಗೋಡೆ ರಿಪೇರಿಯವನು ಬಂದ. ಅವನು ಯಾವ ಮಾತನ್ನೂ "ಆಗ್ಬಿಡತ್ತೆ" ಎನ್ನದೆ ಮುಗಿಸುತ್ತಿರಲಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅವನ ಹೆಸರೇ ಆಗ್ಬಿಡತ್ತೆ ಎಂದಾಯಿತು. ಬಂದವನೇ ಗೋಡೆಯ ಬುಡಕ್ಕೆ ಹೆಬ್ಬೆರಳು ಒತ್ತಿದ. ಬೆರಳು ಸಲೀಸಾಗಿ ಒಳಗೆ ಹೋಯಿತು.

"ನೋಡಿ ಸಾರ್, ಟೀಯಲ್ಲಿ ಅದ್ದಿದ ಬಿಸ್ಕತ್ತು. ಮೊಣಕಾಲಿನ ಎತ್ತರಕ್ಕೆ ಎರಡು ಕಡೆಯೂ ಕತ್ತರಿಸಿ ತೆಗೆದ್ಬಿಡೋಣ. ಮೇಲಿಂದು ಗಟ್ಟಿ ಇದೆ. ಒಳಗಿನ ಮರ ಒಣಗಿದ ಮೇಲೆ ಹೊಸ ಬೋರ್ಡ್ ಹಾಕಿದ್ರೆ ಆಗ್ಬಿಡತ್ತೆ."

"ಇವತ್ತೇ ಮುಚ್ಚೋಕಾಗಲ್ವಾ?" ಎಂದಳು ಹೆಂಡತಿ.

"ಹಸಿ ಮರದ ಮೇಲೆ ಮುಚ್ಚಿದ್ರೆ ಒಳಗೇ ಬೂಷ್ಟು ಹಿಡಿಯತ್ತೆ ಮೇಡಂ. ಒಣಗಲಿ, ನಾನು ಬಂದು ಬಂದು ನೋಡ್ತಿರ್ತೀನಿ, ಆಗ್ಬಿಡತ್ತೆ."

ಅವನ ಬಳಿ ಎರಡು ಮುಳ್ಳಿನ ಒಂದು ಪುಟ್ಟ ಮೀಟರ್ ಇತ್ತು. ಮರಕ್ಕೆ ಚುಚ್ಚಿದರೆ ಹಸಿ ಇದ್ದಲ್ಲಿ ಕೆಂಪು ದೀಪ ಹತ್ತಿ ಕುಯ್ಯೋ ಎನ್ನುತ್ತದೆ, ಒಣಗಿದ್ದರೆ ಹಸಿರು. (ಹಸಿ ಇದ್ದರೆ ಕೆಂಪು, ಒಣಗಿದ್ದರೆ ಹಸಿರು! ಅದನ್ನು ತಯಾರಿಸಿದವನಿಗೆ ಕನ್ನಡ ಬಂದಿದ್ದರೆ ಹೀಗೆ ಮಾಡುತ್ತಿರಲಿಲ್ಲ.) ಆಗ್ಬಿಡತ್ತೆ ಗರಗಸ ಆಡಿಸಿ, ಬಿಳಿ ಧೂಳಿನಲ್ಲಿ ತಾನೂ ಬೆಳ್ಳಗಾಗಿ, ಗೋಡೆಯ ಬುಡವನ್ನು ತುಂಡು ತುಂಡು ಮಾಡಿ ಹೊತ್ತುಕೊಂಡು ಹೋದ. ಉಳಿದದ್ದು ಮೊಣಕಾಲಿನ ಕೆಳಗೆ ಬರೀ ಮರದ ಕಂಬಗಳು, ನಡುವೆ ಬಯಲು. ನನ್ನ ಕೋಣೆಯಿಂದ ನೋಡಿದರೆ ಮಗಳ ಕೋಣೆಯ ನೆಲ, ಮಂಚದ ಕಾಲು, ಅವಳ ಕಾಲು. ಅವಳ ಕೋಣೆಯಿಂದ ನೋಡಿದರೆ ನಾನು ಮೊಣಕಾಲಿನವರೆಗೆ ಮಾತ್ರ.

ಎರಡು ದಿನ ಅವಳು ಸಿಡಿಮಿಡಿಗುಟ್ಟಿದಳು. ಮೂರನೆಯ ಸಂಜೆ ನಾನು ಆ ಗೋಡೆಗೆ ತಾಗಿದ ಮೇಜಿನಲ್ಲಿ ಯಾವುದೋ ಒಲೆಯ ಕೈಪಿಡಿಗೆ ಪದ ಹುಡುಕುತ್ತಾ ಕೂತಿದ್ದೆ. ಮೇಜಿನ ಕೆಳಗಿಂದ ದನಿ ಬಂತು.

"ಅಪ್ಪ, ನಿನ್ನ ಕಾಲಿನ ಹೆಬ್ಬೆರಳು ಯಾಕೆ ಒಂದೇ ಸಮನೆ ಕುಣೀತಿರತ್ತೆ?"

ನಾನು ಬೆಚ್ಚಿಬಿದ್ದೆ. "ಯಾರು?" ಎಂದೆ. (ಬೇರೆ ಯಾರಿರುತ್ತಾರೆ? ಆದರೆ ಅಭ್ಯಾಸ ತಪ್ಪಿಹೋಗಿತ್ತು ನೋಡಿ.)

"ನಾನೇ. ನೆಲದ ಮೇಲೆ ಮಲಗಿದ್ದೀನಿ, ತಂಪಾಗಿದೆ."

"ಪದ ಸಿಗದಿದ್ರೆ ಕುಣಿಯತ್ತೆ ಅನ್ಸತ್ತೆ. ನಾನು ಯಾವತ್ತೂ ಗಮನಿಸಿಲ್ಲ."

"ಹಾಗಾದ್ರೆ ನಿನಗೆ ದಿನವಿಡೀ ಪದ ಸಿಗಲ್ಲ ಅಂತ ಆಯ್ತು."

ಆ ವರ್ಷದಲ್ಲಿ ಅವಳು ನನಗೆ ಹೇಳಿದ ಅತಿ ದೀರ್ಘ ವಾಕ್ಯ ಅದು. ನನಗೆ ಎಷ್ಟು ಖುಷಿಯಾಯಿತೆಂದರೆ ಕುರ್ಚಿಯಿಂದ ಬಗ್ಗಿ ಅವಳ ಮುಖ ನೋಡಲು ಹೋದೆ. "ಬಗ್ಗಬೇಡ, ಹಾಗೇ ಕೂತ್ಕೋ" ಎಂದಳು. ಕೂತುಕೊಂಡೆ. ನನ್ನ ಮುಖ ಕಾಣದಿದ್ದರೆ ಅವಳಿಗೆ ಮಾತು ಬರುತ್ತದೆ ಎನ್ನುವುದು ಆಗ ಹೊಳೆಯಿತು. ಮುಖದ ಬಗ್ಗೆ ಸ್ವಲ್ಪ ಬೇಸರವೂ ಆಯಿತು.

ಅಲ್ಲಿಂದ ಪ್ರತಿ ಸಂಜೆ ಅವಳು ನನ್ನ ಕಾಲುಗಳೊಡನೆ ಮಾತಾಡತೊಡಗಿದಳು. ಮೊದಮೊದಲು ಹಗುರವಾದ ಮಾತು: ಗಣಿತದ ಮೇಷ್ಟ್ರು ತಲೆಗೆ ಬಣ್ಣ ಹಾಕಿಸಿಕೊಂಡು ಹುಬ್ಬಿಗೆ ಮರೆತದ್ದು, ನನ್ನ ಎಡಗಾಲಿನ ಚಪ್ಪಲಿ ಬಾಯಿ ಬಿಟ್ಟಿರುವುದು. ಒಂದು ದಿನ ಕೇಳಿದಳು.

"ಅಪ್ಪ, ಯಾರ ಜೊತೆನಾದ್ರೂ ಮಾತು ನಿಂತುಹೋದ್ರೆ ಮತ್ತೆ ಹೇಗೆ ಶುರು ಮಾಡೋದು?"

ನನ್ನ ವಿಷಯವೇ ಇರಬೇಕೆಂದುಕೊಂಡೆ. (ಅಪ್ಪಂದಿರಿಗೆ ಲೋಕವೆಲ್ಲ ತಮ್ಮ ಸುತ್ತಲೇ ತಿರುಗುತ್ತದೆ ಎಂಬ ಭ್ರಮೆ ಇರುತ್ತದೆ.) ಗಂಟಲು ಸರಿಮಾಡಿಕೊಂಡು ಹೇಳಿದೆ:

"ಮೊದಲನೆಯದಾಗಿ, ಸಮಸ್ಯೆಯ ಮೂಲವನ್ನು ಗುರುತಿಸತಕ್ಕದ್ದು. ಎರಡನೆಯದಾಗಿ..."

"ಅಪ್ಪ! ನಾನು ಮಿಕ್ಸಿ ಅಲ್ಲ."

"ಸರಿ ಸರಿ. ಯಾರ ಜೊತೆ ನಿಂತುಹೋಯ್ತು ಹೇಳು."

"ಅಮ್ಮನಿಗೆ ಹೇಳಬಾರದು. ಆಣೆ ಮಾಡು."

ಮಾಡಿದೆ. ಆಮೇಲೆ ಬಂತು ಕಥೆ, ಒಂದೊಂದು ಸಂಜೆಗೆ ಒಂದೊಂದು ತುಣುಕು. ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಗೆಳತಿ ಒಬ್ಬಳಿದ್ದಳು. ಆ ಹುಡುಗಿಗೆ ಮಾತಾಡುವಾಗ ತೊದಲು. ಇಬ್ಬರೇ ಇದ್ದಾಗ ಅಷ್ಟಿಲ್ಲ, ತರಗತಿಯಲ್ಲಿ ಎದ್ದು ನಿಂತರೆ ಜಾಸ್ತಿ. ಒಂದು ದಿನ ಪಾಠ ಓದುವಾಗ ಒಂದು ಅಕ್ಷರದಲ್ಲಿ ಸಿಕ್ಕಿಬಿದ್ದು ಹೊರಬರಲಾಗದೆ ಒದ್ದಾಡಿದಳಂತೆ. ಹಿಂದಿನ ಬೆಂಚಿನವರು ನಕ್ಕರು. ತರಗತಿಯೆಲ್ಲ ನಕ್ಕಿತು. ನನ್ನ ಮಗಳೂ ನಕ್ಕಳು.

"ನಾನು ಬೇಕು ಅಂತ ನಗಲಿಲ್ಲಪ್ಪ. ಎಲ್ಲರೂ ನಕ್ಕಾಗ ಬಂದ್ಬಿಡ್ತು. ಅವಳು ಬೇರೆ ಯಾರ ಕಡೆನೂ ನೋಡಲಿಲ್ಲ, ನನ್ನ ಕಡೆ ಮಾತ್ರ ನೋಡಿದಳು." ಆಮೇಲೆ ಮೂಗು ಒರೆಸಿಕೊಂಡ ಸದ್ದು ಮಾತ್ರ. ತರಗತಿ ನಕ್ಕ ಮಾರನೆಯ ದಿನದಿಂದ ಆ ಹುಡುಗಿ ಬೇರೆ ಬೆಂಚಿಗೆ ಹೋದಳು, ಊಟದ ಡಬ್ಬಿಯನ್ನೂ ಬೇರೆ ಕಡೆ ತೆರೆಯುತ್ತಾಳಂತೆ. ನನ್ನ ಮಗಳು ಎಷ್ಟೋ ದಿನಗಳಿಂದ ಒಬ್ಬಳೇ ಕೂತು ತಿನ್ನುತ್ತಿದ್ದಾಳೆ. ನಾನು ಮಾತ್ರ ಇಷ್ಟು ದಿನವೂ ಅವಳ "ಹ್ಞೂಂ", "ಉಹ್ಞೂಂ"ಗಳನ್ನು ನನ್ನ ಮೇಲಿನ ಅಸಡ್ಡೆ ಎಂದು ಎಣಿಸಿ ಮುನಿಸಿಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಗೋಡೆಯ ಆ ಬದಿಗೆ ಹೋಗಿ ಅವಳ ತಲೆ ನೇವರಿಸಬೇಕೆನಿಸಿತು. ಆದರೆ ಬಗ್ಗಬೇಡವೆಂದು ಅಪ್ಪಣೆಯಾಗಿತ್ತು.

ಹೀಗೆ ಕಥೆ ನಟ್ಟನಡುವೆ ಇರುವಾಗ ಹೆಂಡತಿ ಸಾರಿದಳು, "ನಾಳೆ ಆಗ್ಬಿಡತ್ತೆ ಬರ್ತಾನಂತೆ. ಮರ ಒಣಗಿದ್ರೆ ನಾಳೆನೇ ಮುಚ್ಚಿಬಿಡ್ತಾನೆ. ಸದ್ಯ, ಪೀಡೆ ತೊಲಗತ್ತೆ."

ನಾಳೆ ಮುಚ್ಚಿದರೆ? ಆ ಹುಡುಗಿ ಮತ್ತೆ ಮಾತಾಡಿದಳೋ ಇಲ್ಲವೋ ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಮಗಳು ಮತ್ತೆ "ಹ್ಞೂಂ"ಗೆ ಮರಳುತ್ತಾಳೆ. ನಾನು ಮತ್ತೆ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತೇನೆ. ಮಾರನೆಯ ಬೆಳಿಗ್ಗೆ ನನ್ನ ಕೈ ತಾನಾಗಿಯೇ ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯ ಮೇಲೆ ಬಿತ್ತು. ಮೇಜಿನ ಕೆಳಗೆ ನುಸುಳಿದೆ. ಮರದ ಕಂಬಗಳಿಗೆ ಚುಸ್ ಚುಸ್ ಎಂದು ಒಂದು ಸುತ್ತು ಹೊಡೆದೆ. ಮೈಯೆಲ್ಲ ಕಿವಿಯಾಗಿ ಕೂತು ಇನ್ನೊಂದು ಸುತ್ತು ಹೊಡೆದೆ. ಮನೆಗೆ ನೀರು ನುಗ್ಗಿ ಬವಣೆಪಟ್ಟ ಮನುಷ್ಯ ತನ್ನ ಕೈಯಾರೆ ಗೋಡೆಗೆ ನೀರು ಹಾಕುವುದನ್ನು ಯಾವ ಕೈಪಿಡಿಯೂ ಒಪ್ಪುವುದಿಲ್ಲ, ನನಗೆ ಗೊತ್ತು.

ಆಗ್ಬಿಡತ್ತೆ ಬಂದ, ಚುಚ್ಚಿದ. ಕುಯ್ಯೋ!

"ಇನ್ನೂ ಹಸಿ ಇದೆ ಸಾರ್. ಇನ್ನು ನಾಲ್ಕು ದಿನ ಬಿಟ್ರೆ ಆಗ್ಬಿಡತ್ತೆ."

"ಅಯ್ಯೋ, ಪಾಪ" ಎಂದೆ ನಾನು, ಯಾರಿಗೆಂದು ಸ್ಪಷ್ಟಪಡಿಸದೆ.

ಆ ಸಂಜೆ ಮಗಳು ಕೇಳಿದಳು, "ಅವಳ ಹತ್ರ ಹೋಗಿ ಏನು ಹೇಳ್ಲಿ? ಎಲ್ಲರೂ ನಗ್ತಿದ್ರು ಅಂತಾನಾ? ನಂಗೆ ಗೊತ್ತಾಗಲಿಲ್ಲ ಅಂತಾನಾ?"

ನಾನು ತಕ್ಕ ಮಾತು ಹುಡುಕಿದೆ. ಆ ಕಡೆಯಿಂದ ನೋಡಿದರೆ ನನ್ನ ಹೆಬ್ಬೆರಳು ಹೇಗೆ ಕುಣಿಯುತ್ತಿತ್ತೋ ಏನೋ.

"ಯಾಕೆ ನಕ್ಕೆ ಅಂತ ಹೇಳಬೇಡ. ನಕ್ಕೆ, ತಪ್ಪಾಯ್ತು ಅಂತ ಹೇಳಿ ಸುಮ್ಮನೆ ನಿಂತ್ಕೋ. ಅವಳು ಏನು ಹೇಳ್ತಾಳೋ ಪೂರ್ತಿ ಕೇಳು. ಎಷ್ಟು ಹೊತ್ತಾದ್ರೂ ಕೇಳು."

"ಅಷ್ಟೇನಾ?"

"ಅಷ್ಟೇ."

"ನಿನ್ನ ಕೈಪಿಡಿಗಳಿಗಿಂತ ಇದು ಚಿಕ್ಕದು" ಎಂದಳು. ಅದರಲ್ಲಿ ಮೆಚ್ಚುಗೆ ಇತ್ತೆಂದು ನಾನು ಇವತ್ತಿಗೂ ನಂಬಿದ್ದೇನೆ.

ಆಮೇಲೆ ನನಗೆ ಚಟ ಹತ್ತಿತು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಗೋಡೆಗೆ ನೀರುಣಿಸುತ್ತಿದ್ದೆ. ಹೆಂಡತಿ ಇಸ್ತ್ರಿ ಮಾಡಲು ಕೂತು ಬಾಟಲಿ ಹುಡುಕುತ್ತಿದ್ದಳು. ಒಮ್ಮೆ ಅದು ನನ್ನ ನಿಘಂಟುಗಳ ಹಿಂದೆ ಸಿಕ್ಕಿಬಿಟ್ಟಿತು.

"ಇದ್ಯಾಕ್ರೀ ಇಲ್ಲಿದೆ? ಪದಗಳಿಗೂ ಇಸ್ತ್ರಿ ಮಾಡ್ತೀರಾ?"

"ಪುಸ್ತಕದ ಧೂಳು ಒರೆಸೋಕೆ."

"ನೀವು? ಧೂಳು?" ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಈ ನಡುವೆ ಕಥೆಯ ಮುಂದಿನ ತುಣುಕು ಬರಲೇ ಇಲ್ಲ. ಮಗಳು ನೆಲದ ಮೇಲೆ ಮಲಗುವುದೂ ಕಡಿಮೆಯಾಯಿತು. ಬೆಳಿಗ್ಗೆ ಸಂಜೆ ಆ ಕಡೆಯಿಂದ ಹೇರ್ ಡ್ರೈಯರ್ ಗುರುಗುಟ್ಟುತ್ತಿತ್ತು, ತಲೆಗೆ ನೀರು ಹಾಕಿಕೊಂಡಿರಬೇಕೆಂದುಕೊಂಡೆ. "ಹೋಗಿ ಹೇಳಿದೆಯಾ?" ಎಂದು ಕೇಳಿದರೆ, "ನೋಡ್ತಿದ್ದೀನಿ" ಎನ್ನುವಳು. ಹಾಗೆಂದರೆ ಇನ್ನೂ ಧೈರ್ಯ ಬಂದಿಲ್ಲ, ಇನ್ನೂ ನಾಲ್ಕು ದಿನ ಗೋಡೆ ಬಾಯಿ ತೆರೆದಿದ್ದರೆ ಬರುತ್ತದೆ ಎಂದು ನಾನು ಲೆಕ್ಕ ಹಾಕಿದೆ. ನೀರಿನ ಪ್ರಮಾಣ ಹೆಚ್ಚಿಸಿದೆ.

ಮುಂದಿನ ಸಲ ಆಗ್ಬಿಡತ್ತೆ ಬಂದವನು ನನ್ನ ಬದಿಯಿಂದ ಚುಚ್ಚಿದ. ಕೆಂಪು, ಕುಯ್ಯೋ. ಮಗಳ ಕೋಣೆಗೆ ಹೋಗಿ ಅದೇ ಕಂಬಕ್ಕೆ ಆ ಬದಿಯಿಂದ ಚುಚ್ಚಿದ. ಹಸಿರು, ಸದ್ದಿಲ್ಲ. ಮತ್ತೆ ಇಲ್ಲಿ ಬಂದ. ಕುಯ್ಯೋ. ಮತ್ತೆ ಅಲ್ಲಿ. ಹಸಿರು. ಮೀಟರನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ನೆಲಕ್ಕೆ ಕೂತು ಗಲ್ಲಕ್ಕೆ ಕೈ ಕೊಟ್ಟ.

"ಇಪ್ಪತ್ತು ವರ್ಷದಿಂದ ಗೋಡೆ ಮಾಡ್ತಿದ್ದೀನಿ ಮೇಡಂ. ಒಂದೇ ಮರ, ಮಗಳ ಕಡೆ ಸುಟ್ಟ ರೊಟ್ಟಿ ಥರ ಒಣಗಿದೆ, ಸಾರ್ ಕಡೆ ಬರೀ ನೀರು. ನಂಗೆ ಗ್ಯಾರಂಟಿ ಗೊತ್ತು, ಈ ಕಡೆ ನೆಲದೊಳಗೆ ಎಲ್ಲೋ ಪೈಪ್ ಸೋರ್ತಿದೆ. ಬಚ್ಚಲಿಂದ ಬರ್ತಿದೆ. ಅದನ್ನ ಒಡೆದು ನೋಡದೆ ಗೋಡೆ ಮುಚ್ಚಿದ್ರೆ ಮನೆನೇ ಹೋಗ್ಬಿಡತ್ತೆ."

ಅವನ ಬಾಯಿಂದ "ಆಗ್ಬಿಡತ್ತೆ" ಬದಲು "ಹೋಗ್ಬಿಡತ್ತೆ" ಬಂದದ್ದು ಕೇಳಿಯೇ ಹೆಂಡತಿಯ ಮುಖ ಬಿಳಿಚಿತು. ನಾನು, "ಪೈಪು ಚೆನ್ನಾಗಿದೆ, ಹವೆಯಲ್ಲಿ ತೇವ ಇದೆ" ಎಂದು ಏನೇನೋ ಬಡಬಡಿಸಿದೆ. "ಪೈಪಿನ ವಿಷಯದಲ್ಲಿ ನೀವು ಬಾಯಿ ತೆರೀಬೇಡಿ" ಎಂದಳು.

ಮಾರನೆಯ ದಿನ ರಜೆ. ಬೆಳಿಗ್ಗೆಯೇ ಆಗ್ಬಿಡತ್ತೆ ತನ್ನ ಪರಿಚಯದ ಪ್ಲಂಬರನ್ನು ಕರೆತಂದ. ಇವನು ಬಾಯಿ ತೆರೆಯುವ ಜಾತಿಯಲ್ಲ. ಬಚ್ಚಲಿಗೆ ಹೋಗಿ, ಗೋಡೆಗೆ ಕಿವಿಗೊಟ್ಟು, ನೆಲ ನೋಡಿ, ಒಂದೇ ಮಾತು ಹೇಳಿದ: "ಒಡೀಬೇಕು."

ಆ ಬಚ್ಚಲಿನ ಟೈಲ್ಸ್ ತಿಳಿನೀಲಿ. ಅವನ್ನು ಆರಿಸಲು ಹೆಂಡತಿ ಒಂದು ಬೇಸಿಗೆಯೆಲ್ಲ ಅಂಗಡಿ ಅಂಗಡಿ ಅಲೆದಿದ್ದಳು, ನನ್ನನ್ನೂ ಅಲೆಸಿದ್ದಳು. ಈ ಮನೆಯಲ್ಲಿ ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ, ತನಗೆ ಬೇಕೆಂದು ಅವಳು ಮಾಡಿಕೊಂಡದ್ದು ಅದೊಂದೇ. ಈಗಲೂ ಒಮ್ಮೊಮ್ಮೆ ಸುಮ್ಮನೆ ಬಚ್ಚಲಿನ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಆ ಟೈಲ್ಸ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಪ್ಲಂಬರ್ ಉಳಿಯ ಮೊನೆ ಇಟ್ಟು ಸುತ್ತಿಗೆ ಎತ್ತಿದ. ಅವಳು ಕೂಗಾಡುತ್ತಾಳೆ, ತಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಯ ಕಡೆ ತಿರುಗಿಕೊಂಡು ಮೆತ್ತಗೆ ಹೇಳಿದಳು:

"ಒಡೀರಿ. ಮನೆ ಉಳೀಬೇಕಲ್ಲ."

ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದು ನನಗೆ ನೀರು ಕುಡಿದಷ್ಟು ಸುಲಭ. ಆ ಮೆತ್ತನೆಯ ದನಿಯನ್ನು ಮಾತ್ರ ತಡೆಯಲಾಗಲಿಲ್ಲ. ಉಳಿಗೂ ಟೈಲ್ಸಿಗೂ ನಡುವೆ ನನ್ನ ಕಾಲು ಇಟ್ಟುಬಿಟ್ಟೆ.

"ನಿಲ್ಸಿ! ಸೋರ್ತಿರೋದು ಪೈಪಲ್ಲ. ಸೋರ್ತಿರೋದು ನಾನು!"

ಪ್ಲಂಬರ್ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಇದು ತನ್ನ ಕೆಲಸವಲ್ಲ ಎಂಬಂತೆ ಸುತ್ತಿಗೆ ಕೆಳಗಿಟ್ಟ.

"ಏನ್ರೀ ಹಂಗಂದ್ರೆ?" ಎಂದಳು ಹೆಂಡತಿ.

"ದಿನಾ ನಾನೇ ನೀರು ಹಾಕ್ತಿದ್ದೆ. ಇಸ್ತ್ರಿ ಬಾಟಲಿಲಿ."

ಆಗ್ಬಿಡತ್ತೆ ತನ್ನ ಮೀಟರನ್ನು ಎದೆಗೆ ಒತ್ತಿಕೊಂಡ, ಅದಕ್ಕೆ ಅವಮಾನವಾಯಿತೇನೋ ಎಂಬಂತೆ. ಹೆಂಡತಿ ನಿಧಾನವಾಗಿ ಕೇಳಿದಳು.

"ಗೋಡೆಗೆ? ಯಾಕೆ?"

ನಾನು ಆಣೆ ಮಾಡಿದ್ದೆನಲ್ಲ. "ಮರ ಬೇಗ ಒಣಗಿದ್ರೆ ಬಿರುಕು ಬಿಡತ್ತೆ ಅಂತ... ಅಂದ್ರೆ... ಹಂತಹಂತವಾಗಿ ಒಣಗತಕ್ಕದ್ದು ಅಂತ..." ನನ್ನ ನಾಲಿಗೆ ತೊಡರಿತು. ಹೆಂಡತಿಯ ಕಣ್ಣಲ್ಲಿ ಕೋಪಕ್ಕಿಂತ ಹೆಚ್ಚಾಗಿ ಗಾಬರಿ ಕಂಡಿತು. ಈ ಮನುಷ್ಯನಿಗೆ ನಿಜವಾಗಿಯೂ ಏನೋ ಆಗಿದೆ ಎಂದು ಅವಳಿಗೆ ಅನ್ನಿಸಿರಬೇಕು.

"ನನ್ನ ಜೊತೆ ಮಾತಾಡೋಕಮ್ಮ" ಎಂದು ಹಿಂದಿನಿಂದ ದನಿ ಬಂತು. ಮಗಳು ನಿಂತಿದ್ದಳು. ಕೈಯಲ್ಲಿ ಹೇರ್ ಡ್ರೈಯರ್. "ಆ ಸಂದಿಯಿಂದ ನಾನು ಅಪ್ಪನ ಜೊತೆ ಮಾತಾಡ್ತಿದ್ದೆ. ಗೋಡೆ ಮುಚ್ಚಬಾರದು ಅಂತ ಅಪ್ಪ ಹಾಗೆ ಮಾಡಿರಬೇಕು."

ನನ್ನ ಕಣ್ಣು ತುಂಬಿಬಂತು. ಹೆತ್ತದ್ದು ಸಾರ್ಥಕ ಎಂದುಕೊಳ್ಳುವಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ ರೇಗಿದಳು.

"ನಾನು ಇಲ್ಲಿ ದಿನಾ ಬೆಳಿಗ್ಗೆ ಸಾಯಂಕಾಲ ಇದನ್ನ ಹಿಡಿದು ಕೈ ನೋಯೋವರೆಗೂ ಮರ ಒಣಗಿಸ್ತಿದ್ದೀನಿ! ಯಾಕೆ ಒಣಗ್ತಿಲ್ಲ ಯಾಕೆ ಒಣಗ್ತಿಲ್ಲ ಅಂತ ತಲೆ ಕೆಟ್ಟುಹೋಗಿತ್ತು. ಆ ಕಡೆಯಿಂದ ನೀನು ನೀರು ಬಿಡ್ತಿದ್ದೆಯಾ?"

ಆಗ್ಬಿಡತ್ತೆಯ ಮುಖ ಅರಳಿತು. "ಅದಕ್ಕೇ ಆ ಕಡೆ ಹಸಿರು ಈ ಕಡೆ ಕೆಂಪು! ನನ್ನ ಮೀಟರ್ ಸರಿಯಾಗೇ ಇದೆ!" ಎಂದು ಪ್ಲಂಬರನ ಭುಜ ತಟ್ಟಿದ. ಒಡೆಯುವುದೇನೂ ಇಲ್ಲವೆಂದು ತಿಳಿದು ಪ್ಲಂಬರ್ ನಿರಾಸೆಯಿಂದ ಹೊರಟುಹೋದ.

"ನಿನಗೆ ಗೋಡೆ ಅಷ್ಟು ಬೇಕಾಗಿತ್ತಾ?" ಎಂದೆ.

"ಬೇಕು. ನೀನು ಬರೆಯೋವಾಗ ಪ್ರತಿಯೊಂದು ವಾಕ್ಯನೂ ಗಟ್ಟಿಯಾಗಿ ಓದ್ತೀಯಪ್ಪ. ನಂಗೀಗ ಒಲೆ ಸ್ವಚ್ಛ ಮಾಡೋದು ಬಾಯಿಪಾಠ." ಆಮೇಲೆ ನೆಲ ನೋಡುತ್ತಾ ದನಿ ತಗ್ಗಿಸಿದಳು. "ಮತ್ತೆ... ನಾನು ಅವಳಿಗೆ ಹೇಳಿದೆ. ನೀನು ಹೇಳಿದ ಹಾಗೇ, ಅಷ್ಟೇ ಮಾತು. ಅವಳು ಮುಂದಿನ ಭಾನುವಾರ ಮನೆಗೆ ಬರ್ತಾಳೆ. ನಾವಿಬ್ಬರೂ ಮಾತಾಡೋದು ಮೇಜಿನ ಕೆಳಗಿಂದ ನಿನಗೆ ಕೇಳಿಸಬಾರದು. ಅವಳಿಗೆ ಯಾರಾದ್ರೂ ಕೇಳಿಸ್ಕೊಳ್ತಿದ್ದಾರೆ ಅಂತ ಗೊತ್ತಾದ್ರೆ ಮಾತು ಇನ್ನೂ ಸಿಕ್ಕಿಕೊಳ್ಳತ್ತೆ."

ನನ್ನ ಉಪದೇಶ ಫಲಿಸಿತ್ತು, ಫಲಿಸಿದ್ದರಿಂದಲೇ ನನ್ನನ್ನು ಹೊರಗೆ ಹಾಕಲಾಗಿತ್ತು. ಇನ್ನೂ ಆ ನೀಲಿ ಟೈಲ್ಸನ್ನು ಕಾಯುತ್ತಿದ್ದ ಕಾಲನ್ನು ಹಿಂದೆ ತೆಗೆದುಕೊಂಡೆ. ಹೆಂಡತಿ ಮಗಳನ್ನು ನೋಡಿ, "ಏನು ವಿಷಯ ಅಂತ ನಂಗೂ ಒಂದು ಮಾತು ಹೇಳಬಾರದಿತ್ತೇನೇ? ನನ್ನ ಕಡೆ ಗೋಡೆ ಯಾರೂ ಕತ್ತರಿಸಲಿಲ್ಲ ಅಂತ ನಂಗೆ ಕಿವಿ ಇಲ್ವಾ?" ಎಂದಳು. ಮಗಳು ಅವಳ ಹೆಗಲಿಗೆ ತಲೆ ಇಟ್ಟಳು. ಇಬ್ಬರೂ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಅಲ್ಲಿಗೂ ನನಗೆ ಪ್ರವೇಶವಿರಲಿಲ್ಲ.

ನೀರು ಹಾಕುವುದು ನಿಂತ ಮೇಲೆ ಮರ ಬೇಗನೆ ಒಣಗಿತು. ಆಗ್ಬಿಡತ್ತೆ ಹೊಸ ಬೋರ್ಡು ಬಡಿದು, ಸಂದಿಗಳಿಗೆ ಪಟ್ಟಿ ಅಂಟಿಸಿ, ಪುಟ್ಟಿ ಹಚ್ಚಿ ಉಜ್ಜಿದ. ಭಾನುವಾರ ಬೆಳಿಗ್ಗೆ ನನ್ನ ಬದಿಗೆ ಗೋಡೆಯುದ್ದಕ್ಕೂ ಬಿಳಿ ಬಣ್ಣ ಬಳಿದು, "ಸಂಜೆವರೆಗೂ ಮುಟ್ಟಬೇಡಿ ಸಾರ್, ಆಗ್ಬಿಡತ್ತೆ" ಎಂದು ಹೇಳಿ ಹೋದ. ಮಧ್ಯಾಹ್ನ ಆ ಹುಡುಗಿ ಬಂದಳು. ತೆಳ್ಳಗೆ, ಎತ್ತರಕ್ಕೆ, ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು, ಮಾತಾಡಲಿಲ್ಲ. ಇಬ್ಬರೂ ಮಗಳ ಕೋಣೆಗೆ ಹೋದರು.

ನಾನು ನನ್ನ ಕುರ್ಚಿಯಲ್ಲಿ ಕೂತು ಕೈಪಿಡಿ ತೆರೆದೆ. ಗೋಡೆಯ ಆಚೆ ಗುಸುಗುಸು. ಏನೂ ತಿಳಿಯುವುದಿಲ್ಲ. ಆಗ್ಬಿಡತ್ತೆ ಈ ಸಲ ಅನಗತ್ಯವಾಗಿ ಒಳ್ಳೆಯ ಕೆಲಸ ಮಾಡಿದ್ದ. ಒಂದು ದನಿ ನಿಂತು ನಿಂತು ಬರುತ್ತಿತ್ತು, ಇನ್ನೊಂದು ದನಿ ಸುಮ್ಮನಿತ್ತು. ಆಮೇಲೆ ಎಲ್ಲ ಸುಮ್ಮನೆ. ಜಗಳವಾಯಿತೇ? ಅಳುತ್ತಿದ್ದಾರೆಯೇ? ಕದ್ದು ಕೇಳುವ ಚಾಳಿ ನನಗಿಲ್ಲ. ಗೋಡೆಯಲ್ಲಿ ಇನ್ನೂ ಎಲ್ಲಾದರೂ ತೇವ ಉಳಿದಿದೆಯೇ ಎಂದು ಪರೀಕ್ಷಿಸಲು ಮಾತ್ರ ಹತ್ತಿರ ಹೋದೆ, ಅಷ್ಟೆ. ಒಮ್ಮೆಗೇ ಆ ಕಡೆಯಿಂದ ಇಬ್ಬರೂ ಒಟ್ಟಿಗೆ ಜೋರಾಗಿ ನಕ್ಕರು. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಸದ್ದಿಲ್ಲದೆ ಬಂದು ಕುರ್ಚಿಯಲ್ಲಿ ಕೂತು, ಜೀವನದಲ್ಲಿ ಮೊದಲ ಬಾರಿ ಮನಸ್ಸಿನಲ್ಲೇ ಓದಿಕೊಂಡು ಕೈಪಿಡಿ ಬರೆದೆ.

ಸಂಜೆ ಹೆಂಡತಿ ಕಾಫಿಗೆ ಕರೆದಳು. ಅವರಿಬ್ಬರೂ ಆಗಲೇ ಮೇಜಿಗೆ ಬಂದು ಕೂತಿದ್ದರು. ನಾನು ಗಂಭೀರವಾಗಿ ಹೋಗಿ ಎದುರಿಗೆ ಕೂತು, "ಏನಮ್ಮ, ಚೆನ್ನಾಗಿದ್ದೀಯಾ?" ಎಂದೆ. ಹೆಂಡತಿ ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಗಳ ಕಣ್ಣು ಅರಳಿ, ಕೆನ್ನೆ ಉಬ್ಬಿ, ನಗು ಗಂಟಲವರೆಗೆ ಬಂದು ನಿಂತಿತು. ಗೆಳತಿ ಜಡೆ ಬಿಟ್ಟು, ನನ್ನನ್ನೇ ನೋಡುತ್ತಾ ಬಾಯಿ ತೆರೆದಳು.

"ಅಂಕಲ್, ನಿಮ್ಮ ಕಿ... ಕಿ... ಕಿವಿಗೆ..."

ಅಲ್ಲಿ ಸಿಕ್ಕಿಕೊಂಡಿತು. ಅವಳ ತುಟಿ ನಡುಗಿತು. ನನ್ನ ಕೈ ಕಿವಿಗೆ ಹೋಯಿತು, ಅಂಟಂಟಾಗಿತ್ತು. ಅವಳಿಗೆ ಬೇಕಾದ ಪದ ನನಗೆ ಗೊತ್ತಿತ್ತು. ಜೀವನವೆಲ್ಲ ಬೇರೆಯವರ ವಾಕ್ಯ ಪೂರೈಸಿದವನು ನಾನು, ಸಹಾಯ ಮಾಡಲೆಂದು ಬಾಯಿ ತೆರೆದೆ. ಮಗಳು ನನ್ನ ಕಡೆ ಒಂದು ನೋಟ ಬೀರಿದಳು. ನಾನು ಬಾಯಿ ಮುಚ್ಚಿದೆ. ಮಗಳ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು, ಕಣ್ಣಲ್ಲಿ ನೀರಿತ್ತು, ಆದರೂ ಅವಳು ತುಟಿ ಕಚ್ಚಿ ಗೆಳತಿಯ ಮುಖವನ್ನೇ ನೋಡುತ್ತಾ ಕಾದಳು. ನಾವೆಲ್ಲ ಕಾದೆವು. ಕಾಫಿ ಆರುತ್ತಿತ್ತು.

"...ಕಿವಿಗೆ ನಮ್ಮ ಗೋ... ಗೋಡೆ ಅಂಟಿಕೊಂಡಿದೆ" ಎಂದು ಆ ಹುಡುಗಿ ಮಾತು ಮುಗಿಸಿದಳು.

ಆಮೇಲೆಯೇ ನನ್ನ ಮಗಳು ನಕ್ಕದ್ದು. ಮೊದಲು ಅವಳು, ಆಮೇಲೆ ಗೆಳತಿ, ಆಮೇಲೆ ಹೆಂಡತಿ. ಒಂದು ಬದಿಯ ಕಿವಿ, ಕೆನ್ನೆ, ಅರ್ಧ ಮೀಸೆ ಬೆಳ್ಳಗೆ ಮಾಡಿಕೊಂಡು ಕೂತಿದ್ದ ನನ್ನನ್ನು ತೋರಿಸಿ ತೋರಿಸಿ ಮೂವರೂ ನಗುತ್ತಿದ್ದರು. ಹೆಂಡತಿ ಒದ್ದೆ ಬಟ್ಟೆ ತಂದು ನನ್ನ ಕಿವಿ ಹಿಡಿದು ಉಜ್ಜತೊಡಗಿದಳು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ. ಉರಿಯುತ್ತಿತ್ತು. ನಾನು ಸುಮ್ಮನೆ ಉಜ್ಜಿಸಿಕೊಂಡೆ.